ಚೌಡಿಯ ಕಡೆಗೆ ಬೆನ್ನು

ಆ ವರ್ಷ ಹಲಸು ಬೇಗ ಬಲಿತಿತ್ತು. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆ. ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ವೋಟು ನಡೆದು, ಎಣಿಕೆ ಇನ್ನೂ ಆಗಬೇಕಿತ್ತು. ಶಿರಸಿ ಸೀಮೆಯ ವಾನಳ್ಳಿ ಕಡೆಯ ಆ ಊರಿನಲ್ಲಿ ಯಾರು ಗೆಲ್ಲುತ್ತಾರೆ ಎನ್ನುವ ಮಾತು ಹಪ್ಪಳದ ಹಿಟ್ಟಿನ ಜೊತೆಗೇ ಕಲಸಿಕೊಂಡು ಅಂಗಳದಿಂದ ಅಂಗಳಕ್ಕೆ ತಿರುಗುತ್ತಿತ್ತು.

ಗೌರಕ್ಕನ ಅಂಗಳದಲ್ಲಿ ಅಂದು ಹಪ್ಪಳ. ಚಪ್ಪರದ ನೆರಳಿನ ಆ ತುದಿಗೆ ಕೇರಿಯಿಂದ ಕೆಲಸಕ್ಕೆ ಬರುವ ದೇವಿ ಕೂತು, ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನ ಸೊಳೆ ಬಿಡಿಸುತ್ತಿದ್ದಳು. ಈ ತುದಿಗೆ ಗೌರಕ್ಕ ಮತ್ತು ಅವಳ ಓರಗಿತ್ತಿ ಸೀತಾ. ಬೇಯಿಸಿ ಕುಟ್ಟಿದ ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಗೌರಕ್ಕ ಮಣೆಯಿಂದ ಒತ್ತುವಳು, ಸೀತಾ ಅದನ್ನು ಚಾಪೆಯ ಮೇಲೆ ಹರಡುವಳು. ಒತ್ತುವುದು, ಎತ್ತುವುದು, ಒತ್ತುವುದು. ಗೌರಕ್ಕನಿಗೆ ಈ ಕೆಲಸ ಸರಿಹೊಂದಿತ್ತು. ಇದರಲ್ಲಿ ಯೋಚನೆ ಬೇಕಿಲ್ಲ.

"ಅಕ್ಕಯ್ಯ, ಎಷ್ಟು ತಿಕ್ಕಿದ್ರೂ ವೋಟಿನ ಶಾಯಿ ಹೋಜಿಲ್ಲೆ ನೋಡು," ಎಂದು ಸೀತಾ ಎಡಗೈ ತೋರಿಸಿದಳು. "ಹಪ್ಪಳಕ್ಕೆ ಹತ್ತಿದ್ರೆ ಇದು ಯಾವ ಪಕ್ಷದ ಹಪ್ಪಳ ಹೇಳಿ ಕೇಳ್ತ ಜನ."

"ಹೂಂ," ಎಂದಳು ಗೌರಕ್ಕ.

"ನಿಮ್ ಕೇರಿಗೆ ಯಾರ್ಯಾರು ಬಂದಿದ್ರು ದೇವಿ?" ಸೀತಾ ಆ ಕಡೆಗೆ ಕೇಳಿದಳು.

"ಎಲ್ರೂ ಬಂದಿದ್ರಮಾ. ಒಬ್ರು ಶರಬತ್ತು ಕೊಟ್ರು, ಇನ್ನೊಬ್ರು ಟೋಪಿ ಕೊಟ್ರು. ನಮ್ಮ ಬಂಗಾರ್ಯ ಇವ್ರ ಟೋಪಿ ಹಾಕ್ಕಂಡು ಅವ್ರ ಶರಬತ್ತು ಕುಡ್ದ."

"ಮತ್ತೆ ವೋಟು ಯಾರಿಗೆ?"

"ಅದೊಂದು ಕೇಳ್ಬೇಡಿ. ಕಟ್ಕಂಡ ಹೆಂಡ್ತಿ ನಂಗೂ ಹೇಳ್ಲಿಲ್ಲ. ಬಂದ, ಉಂಡ, ಮಲಗ್ದ."

ಸೀತಾ ನಕ್ಕಳು. ದೇವಿ ನಕ್ಕಳು. ಗೌರಕ್ಕನೂ ನಗುವ ಜಾಗ ಬಂದಿದೆಯೆಂದು ತಿಳಿದು ತುಟಿ ಅಗಲಿಸಿದಳು.

ಅವಳು ಹೀಗಾಗಿ ಆರು ತಿಂಗಳಾಗಿತ್ತು. ಕಾರ್ತಿಕದಲ್ಲಿ ಗಂಡ ದಿನಕರ ಸೊಸೈಟಿಯ ಕೆಲಸಕ್ಕೆಂದು ಶಿರಸಿಗೆ ಹೊರಟವನು ಬಸ್ಸಿನ ಸೀಟಿನಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ನಿದ್ದೆ ಹತ್ತಿದೆ ಎಂದುಕೊಂಡ ಕಂಡಕ್ಟರು ಬಸ್‌ಸ್ಟ್ಯಾಂಡು ಬಂದ ಮೇಲೆ ಭುಜ ಅಲುಗಾಡಿಸಿದನಂತೆ. ಹೆಣ ಅಂಗಳಕ್ಕೆ ಬಂದಾಗ ಗೌರಕ್ಕ ಅಳಲಿಲ್ಲ. ಗಾಬರಿಗೆ ಹಾಗಾಗುತ್ತದೆ, ಹನ್ನೆರಡರ ದಿನ ಅಳುತ್ತಾಳೆ ಎಂದರು. ಅಂದೂ ಅಳಲಿಲ್ಲ. ಬೇಕೆಂದು ತಡೆದದ್ದಲ್ಲ. ಮಗ್ಗುಲಡಿಗೆ ಸಿಕ್ಕ ಕೈಗೆ ಜೋಮು ಹಿಡಿದಾಗ ಅದು ತನ್ನದೇ ಕೈ ಎಂದು ಗೊತ್ತಿರುತ್ತದೆ, ಚಿವುಟಿದರೆ ಮಾತ್ರ ತಿಳಿಯುವುದಿಲ್ಲ. ಅವಳ ಪಾಲಿಗೆ ಇಡೀ ಮನೆ, ಇಡೀ ದಿನ ಹಾಗಿತ್ತು. ಬೆಳಿಗ್ಗೆ ಏಳುವಳು, ದೋಸೆ ಹೊಯ್ಯುವಳು, ತಂಬುಳಿಗೆ ಒಂದೆಲಗ ಅರೆಯುವಳು, ಯಾರು ಏನು ಕೇಳಿದರೂ ಹೂಂ ಎನ್ನುವಳು. ಹೂಂ ಎಂದರೆ ಕೇಳಿದವರು ಹೋಗುತ್ತಿದ್ದರು. ಅಷ್ಟೇ ಅವಳಿಗೆ ಬೇಕಾದದ್ದು.

"ಅಮಾ," ದೇವಿ ಸೊಳೆಯಿಂದ ಕಣ್ಣು ಎತ್ತದೆ ಹೇಳಿದಳು, "ನಂ ಹುಂಜ ದೊಡ್ಡದಾಗದೆ. ಬಂಗಾರ್ಯ ಚೌಡಿ ಕೆಲ್ಸ ಯಾವತ್ತು ಅಂತ ಕೇಳ್ಕಂಡು ಬಾ ಅಂದಾನೆ. ಮಳೆ ಹಿಡಿಯೂದ್ರೊಳಗೆ ಆಗ್ಬೇಕು."

ಆ ಹುಂಜದ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಹೋದ ಬೇಸಿಗೆಯಲ್ಲಿ ದೇವಿಯ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಕೂಸನ್ನು ಶಿರಸಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಆಗ ದೇವಿ ಚೌಡಿಗೆ ಹೇಳಿಕೊಂಡಿದ್ದಳು. ಕೂಸು ಉಳಿದರೆ ವರ್ಷ ತುಂಬಿದ ಮೇಲೆ, ಮಳೆಗಾಲದ ಒಳಗೆ, ಮನೆಯಲ್ಲೇ ಸಾಕಿದ ಹುಂಜವನ್ನು ಕೊಡುತ್ತೇನೆ ಎಂದು. ಕೂಸು ಉಳಿಯಿತು. ಪವನ ಎಂದು ಹೆಸರಿಟ್ಟರು. ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಹುಂಜವೂ ಬೆಳೆದು ನಿಂತಿದೆ.

ಚೌಡಿ ಎಂದರೆ ಗುಡಿಯಲ್ಲ, ಮೂರ್ತಿಯಲ್ಲ. ಗೌರಕ್ಕನ ಮನೆಯವರು ಸೊಪ್ಪು ಕಡಿಯುವ ಬೆಟ್ಟದ ಅಂಚಿಗೆ ರಂಜಲ ಮರದ ಬುಡದಲ್ಲಿ ಒಂದು ಕರಿಕಲ್ಲು, ಮೊಣಕಾಲೆತ್ತರದ್ದು. ಕಲ್ಲು ಇರುವ ನೆಲ ಈ ಮನೆಯದು, ಪೂಜೆ ದೇವಿಯ ಕೇರಿಯದು. ಎಷ್ಟು ತಲೆಮಾರಿನಿಂದ ಹೀಗೆ ನಡೆದು ಬಂದಿದೆಯೋ ಯಾರಿಗೂ ತಿಳಿಯದು. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ಮನೆಯ ಯಜಮಾನ ಅಕ್ಕಿ, ಬೆಲ್ಲ, ಕಾಯಿ ತೆಗೆದುಕೊಂಡು ಹೋಗಬೇಕು. ಕಲ್ಲಿನಿಂದ ಸ್ವಲ್ಪ ಕೆಳಗೆ ಒಂದು ಹಾಸುಬಂಡೆ ಇದೆ. ಅಲ್ಲಿ ಕಲ್ಲಿನ ಕಡೆಗೆ ಬೆನ್ನು ಹಾಕಿ, ಮನೆಯ ಕಡೆಗೆ ಮುಖ ಮಾಡಿ ಕೂತು "ನಡೀಲಿ" ಎನ್ನಬೇಕು. ಆ ಮಾತು ಬೀಳದೆ ಬಂಗಾರ್ಯ ಕತ್ತಿ ಎತ್ತುವುದಿಲ್ಲ. ಹಿಂದೆ ಎಲ್ಲ ಮುಗಿದು ಅವನು "ಆತು ಒಡೆಯಾ" ಎನ್ನುವ ತನಕ ಕೂತವರು ತಿರುಗಿ ನೋಡುವಂತಿಲ್ಲ. ಆಮೇಲೆ ಒಂದು ಹೋಳು ಕಾಯಿ ಹಿಡಿದು, ಬೇರೆ ದಾರಿಯಲ್ಲಿ ಬಂದು, ಬಾವಿಕಟ್ಟೆಯಲ್ಲಿ ಮಿಂದು ಒಳಗೆ ಬರುವುದು. ಮನೆಯೊಳಗೆ ಕೋಳಿ ಎನ್ನುವ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಚೌಡಿ ಕೆಲಸ ಎನ್ನುತ್ತಿದ್ದರು, ಅಷ್ಟೇ.

ಗೌರಕ್ಕ ದೇವಿಗೆ ಉತ್ತರ ಕೊಡುವಷ್ಟರಲ್ಲಿ ಬೈಕಿನ ಸದ್ದಾಯಿತು. ಬಂದವನು ಅನಂತಮೂರ್ತಿ, ದಿನಕರನ ತಮ್ಮ, ಸೀತಾಳ ಗಂಡ. ಹಿಸೆಯಾಗಿ ಅಂಗಳದಾಚೆಯ ಮನೆಯಲ್ಲಿದ್ದ. ಎರಡು ತಿಂಗಳಿಂದ ಪಕ್ಷದ ಕೆಲಸದಲ್ಲಿ ಸಿದ್ದಾಪುರ, ಯಲ್ಲಾಪುರ ತಿರುಗಿ ಕುತ್ತಿಗೆ ಸುಟ್ಟುಕೊಂಡಿದ್ದ.

"ದೇವಿ, ಬಂದದ್ದು ಚಲೋ ಆತು," ಎಂದ. "ಶುಕ್ರವಾರ ಚೌಡಿಗೆ ದೊಡ್ಡ ಪೂಜೆ. ಕೇರಿಯವ್ರು ಎಲ್ಲಾ ಬರ್ಬೇಕು ಅಂತ ಬಂಗಾರ್ಯಂಗೆ ಹೇಳು."

"ಹುಂಜಾನೂ ಅವತ್ತೇ ತರೂದಾ ಒಡೆಯಾ? ವೋಟಿನ ಮುಂಚೆ ಕೇರಿಗೆ ಬಂದಾಗ ನೀವು ನಿಮ್ ಪದ್ಧತಿ ನಿಮ್ದೇ ಅಂದಿದ್ರಿ."

"ಹೌದಪ್ಪ, ಅದೆಲ್ಲ ನೋಡ್ವ. ಮೊದಲು ಜನ ಸೇರ್ಲಿ."

ಹಾಗೆಂದವನು ಒಳಗೆ ನೀರು ಕುಡಿಯುವ ನೆವ ಮಾಡಿ ಗೌರಕ್ಕನನ್ನು ಕರೆದ. ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿ ಇಳಿಸಿದ. "ಅತ್ಗೆ, ಯಲ್ಲಾಪುರದ ಭಟ್ರು ಒಪ್ಪಿದ್ದ. ಶುಕ್ರವಾರ ಶುದ್ಧಿ ಹೋಮ. ಹಿತ್ತಾಳೆ ಮುಖವಾಡ ಮಾಡ್ಸಿದ್ದಿ. ಇನ್ನು ಮೇಲೆ ಚೌಡಿ ಅಲ್ಲ, ದುರ್ಗಾಪರಮೇಶ್ವರಿ. ಕಟ್ಟೆ, ಮೇಲೆ ಸಿಮೆಂಟಿನ ಗುಡಿ. ಒಂದ್ಸಲ ಶುದ್ಧಿ ಆತು ಅಂದ್ರೆ ಮತ್ತೆ ಆ ಕಡಿಯೋದು ಗಿಡಿಯೋದು ಯಾವ ಕಾಲಕ್ಕೂ ಇಲ್ಲೆ."

"ದೇವಿ ಹರಕೆ ಇದ್ದಲ," ಎಂದಳು ಗೌರಕ್ಕ.

"ಅದಕ್ಕೊಂದು ಹಣ್ಣುಕಾಯಿ ಮಾಡ್ಸಿದ್ರೆ ಆತು. ದೇವರಿಗೆ ಎಲ್ಲಾ ಒಂದೇ. ಕೇರಿಯವ್ಕೆ ಈಗಲೇ ಹೇಳಿದ್ರೆ ರಗಳೆ ಮಾಡ್ತ, ಅದಕ್ಕೇ ಹೇಳಿದ್ನಿಲ್ಲೆ. ಹೋಮ ಶುರುವಾದ ಮೇಲೆ ಯಾರೂ ಮಾತಾಡ್ತ್ವಿಲ್ಲೆ."

"ಯನ್ನ ಕೇಳಿದ್ದಿಲ್ಲೆ ನೀನು."

ಅನಂತಮೂರ್ತಿ ಆಶ್ಚರ್ಯದಿಂದ ಅವಳನ್ನು ನೋಡಿದ. "ಮಾಘದಲ್ಲಿ ಇದೇ ಬಾಗಿಲಲ್ಲಿ ನಿಂತು ಆನು ಕೇಳಿದ್ದಿ ಅತ್ಗೆ. ನೆಲ ನಿಂಗ್ಳ ಪಾಲಿಂದು, ಹಂಗಾಗಿ ನಿನ್ನ ಮಾತು ಬೇಕು ಅಂದಿ. ನೀನು ಹೂಂ ಅಂದೆ. ಇಲ್ದೇ ಇದ್ರೆ ಭಟ್ರಿಗೆ ಆನು ಹೆಂಗೆ ಹೇಳ್ಲಿ?"

ಗೌರಕ್ಕ ನೆನಪು ಮಾಡಿಕೊಳ್ಳಲು ನೋಡಿದಳು. ಮಾಘದಲ್ಲಿ ಅವನು ಬಂದದ್ದು ಹೌದು. ಒಲೆಯ ಮೇಲೆ ಹಾಲಿತ್ತು. ಅವನು ಏನೋ ಉದ್ದಕ್ಕೆ ಹೇಳಿದ್ದ. ಹೂಂ ಅಂದಿರಬೇಕು. ಅನ್ನದೆ ಇರಲು ಕಾರಣವೇ ಇಲ್ಲ.

ಅವಳು ಅಂಗಳಕ್ಕೆ ಬಂದು ಮತ್ತೆ ಮಣೆಯ ಮುಂದೆ ಕೂತಳು. ಸಂಜೆ ಹೊರಡುವಾಗ ದೇವಿ, "ಹಂಗಾರೆ ಶುಕ್ರವಾರ ತರ್ತೆ ಅಮಾ ಹುಂಜ. ನಂದೊಂದು ತಲೆಭಾರ ಇಳೀತದೆ," ಎಂದಳು.

ಗೌರಕ್ಕ ಹೂಂ ಎನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ. ದೇವಿ ಹೋದಳು.

ಮಗಳು ಅಭಿಜ್ಞಾ ಶಿರಸಿಯ ಕಾಲೇಜಿನಿಂದ ರಜೆಗೆ ಬಂದಿದ್ದಳು. ಮರುದಿನ ಮಧ್ಯಾಹ್ನ ಸೆಖೆಗೆ ಅನ್ನ ಸೇರದೆ ತಾಯಿ ಮಗಳು ಮಾವಿನಕಾಯಿಯ ಅಪ್ಪೆಹುಳಿಯನ್ನೇ ಲೋಟದಲ್ಲಿ ಹೊಯ್ದುಕೊಂಡು ಕುಡಿಯುತ್ತಿದ್ದರು. ಗೌರಕ್ಕ ವಿಷಯ ಹೇಳಿದಳು. ಹೇಳುವಾಗ ಅದು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಅವಳ ಕಿವಿಗೇ ಕೇಳಿಸಿತು.

"ಕೋಳಿ ಕೊಲ್ಲೂದು ತಪ್ಪು ಹೇಳಿ ಆನೂ ಹೇಳ್ತೆ," ಎಂದಳು ಅಭಿಜ್ಞಾ. "ಆದ್ರೆ ಚಿಕ್ಕಪ್ಪಂಗೆ ಕೋಳಿ ಮೇಲೆ ಕನಿಕರ ಹುಟ್ಟಿದ್ದಲ್ಲ ಇದು."

"ಮತ್ತೆಂತದು?"

"ನಾಚಿಕೆ. ಪಕ್ಷದವ್ರು ಬಂದ್ರೆ ಕರ್ಕಂಡು ಹೋಗಿ ತೋರ್ಸಲೆ ಒಂದು ಕಲ್ಲು ಸಾಕಾಗ್ತಿಲ್ಲೆ. ಮುಖ ಬೇಕು, ಹೆಸರು ಬೇಕು, ಟೈಲ್ಸ್ ಬೇಕು." ಲೋಟದ ತಳದ ಒಗ್ಗರಣೆ ಮೆಣಸನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು. "ಅಪ್ಪಯ್ಯಂದೂ ಎಂತ ದೊಡ್ಡ ಸಂಗತಿ ಅಲ್ಲ. ಆಚೆ ಮುಖ ಮಾಡಿ ಕೂತ್ಗಂಬುದು, ನೋಡಿದ್ನಿಲ್ಲೆ ಅಂಬುದು. ನೋಡದೇ ಇದ್ರೆ ಮಡಿ ಕೆಡ್ತಿಲ್ಲೆ ಅಲ್ದಾ?"

"ಅಪ್ಪಯ್ಯ ಸುಮ್ನೆ ಕೂರ್ತಿದ್ನಿಲ್ಲೆ. ಮಾತಾಡ್ತಿದ್ದ."

"ಎಂತ ಮಾತು?"

ಗೌರಕ್ಕನಿಗೆ ಗೊತ್ತಿದ್ದದ್ದು ದೇವಿ ಹೇಳಿದಷ್ಟೇ. ಬಂಡೆಯ ಮೇಲೆ ಕೂತ ದಿನಕರ ಹಿಂದೆ ನಡೆಯುವುದರ ಸದ್ದು ಕೇಳಬಾರದೆಂದೋ ಏನೋ, ಗಟ್ಟಿಯಾಗಿ ಲೋಕದ ಸುದ್ದಿ ಮಾತಾಡುತ್ತಿದ್ದನಂತೆ. ಬಸ್ಸು ತಡ ಬಂದದ್ದು, ರೇಡಿಯೋದಲ್ಲಿ ಕೇಳಿದ ಕ್ರಿಕೆಟ್ಟು, ಯಾರ ಎಮ್ಮೆ ಕರು ಹಾಕಿತು. ಬಂಗಾರ್ಯ ಕೆಲಸ ಮಾಡುತ್ತಲೇ ಹಿಂದಿನಿಂದ ಉತ್ತರ ಕೊಡುವನಂತೆ. ಒಬ್ಬರ ಮುಖ ಒಬ್ಬರಿಗೆ ಕಾಣದೆ ಇಬ್ಬರೂ ಅಷ್ಟು ಹೊತ್ತು ಮಾತಾಡುವುದು ಆ ದಿನ ಮಾತ್ರವಂತೆ.

"ನಿನ್ನ ತವರಲ್ಲೂ ಹೀಂಗೇ ಇತ್ತಾ?" ಅಭಿಜ್ಞಾ ಕೇಳಿದಳು.

"ನಿಲ್ಕುಂದದಲ್ಲಾ? ಅಲ್ಲೂ ಒಂದು ಕಲ್ಲಿತ್ತು. ಅಮ್ಮಮ್ಮ ಹಬ್ಬಕ್ಕೆ ಕಡುಬು ಮಾಡಿದ್ರೆ ಮೊದಲು ಅದಕ್ಕೊಂದು ಇಟ್ಟು ಬಾ ಹೇಳಿ ಕಳಿಸ್ತಿತ್ತು. ಅದು ಯಾವ ದೇವರು ಹೇಳಿ ಯಾರೂ ಕೇಳಿದ್ದಿಲ್ಲೆ. ಅಲ್ಲಿದ್ದು, ಹಂಗಾಗಿ ಇತ್ತು."

"ನೀ ಈಗ ಎಂತ ಮಾಡವು ಹೇಳಿ ಇದ್ದೆ?"

"ಯಂಗೆ ಎಂತದೂ ಅನಿಸ್ತಿಲ್ಲೆ ಕೂಸೇ."

"ಅನಿಸ್ಲಿ ಬಿಡ್ಲಿ ಆಯಿ, ಶುಕ್ರವಾರ ಬತ್ತು."

ಆ ಮಾತು ಸರಿಯೆಂದು ಕಂಡಿತು ಗೌರಕ್ಕನಿಗೆ. ಸಂಜೆ ಅಂಗಳ ದಾಟಿ ಅನಂತಮೂರ್ತಿಯ ಮನೆಗೆ ಹೋದಳು. ದಾರಿಯಲ್ಲಿ ಏನು ಹೇಳಬೇಕೆಂದು ಕೂಡಿಸಿಕೊಂಡಳು. ಮಾಘದಲ್ಲಿ ಹೂಂ ಅಂದದ್ದು ಹೌದು, ಆದರೆ ಈಗ ಬೇಡ. ಅಷ್ಟೇ. ಒಂದೇ ಮಾತು.

ಅನಂತಮೂರ್ತಿ ಫೋನಿನಲ್ಲಿದ್ದ. ಸಿದ್ದಾಪುರದ ಯಾರೋ ಎಷ್ಟು ಬೂತಿನಲ್ಲಿ ಎಷ್ಟು ಬಿದ್ದಿರಬಹುದೆಂದು ಲೆಕ್ಕ ಒಪ್ಪಿಸುತ್ತಿದ್ದ ಹಾಗಿತ್ತು. ಅತ್ತಿಗೆಯನ್ನು ಕಂಡು ಕೈಸನ್ನೆಯಲ್ಲಿ ಕೂರು ಎಂದ. ಸೀತಾ ಮುರುಗಲು ಪಾನಕ ತಂದುಕೊಟ್ಟಳು. ಫೋನು ಮುಗಿದದ್ದೇ ಅನಂತಮೂರ್ತಿ ಒಳಗಿನಿಂದ ಎರಡು ಟೈಲ್ಸ್ ತಂದು ಜಗಲಿಯ ಮೇಲೆ ಜೋಡಿಸಿದ.

"ಅತ್ಗೆ, ನೀನೇ ಬಂದದ್ದು ಬೇಷಾತು. ಇದರಲ್ಲಿ ಯಾವುದು ಹೇಳು. ಕೆಂಪೋ, ಹಳದಿಯೋ?"

"ಅನಂತ, ಆನು ಬಂದದ್ದು…"

"ಕೆಂಪಿಗೆ ಕುಂಕುಮದ ಕಲೆ ಕಾಣ್ತಿಲ್ಲೆ ಹೇಳ್ತು ಇದು," ಎಂದು ಹೆಂಡತಿಯ ಕಡೆ ತೋರಿಸಿದ. "ಹಳದಿ ಆದ್ರೆ ಮಂಗಳ. ಅಣ್ಣಯ್ಯ ಇದ್ದಿದ್ರೆ ಕೆಂಪು ಅಂತಿದ್ದ ಅಲ್ದಾ?"

"ಹೂಂ," ಎಂದಳು ಗೌರಕ್ಕ.

"ಹಂಗಾರೆ ಕೆಂಪು."

ಪಾನಕ ಮುಗಿಸಿ ಅವಳು ಮನೆಗೆ ಬಂದಳು. ಬಾಯಿಗೆ ಬಂದ ಆ ಒಂದು ಮಾತು ಎಲ್ಲಿ ಹೋಯಿತೆಂದು ಯೋಚಿಸಿದಳು. ಅವನು ಅಣ್ಣನ ಹೆಸರೆತ್ತಿದ. ಅಲ್ಲೇ ಅದು ತಪ್ಪಿಹೋಗಿತ್ತು. ಬೇಜಾರಾಗಬೇಕಿತ್ತು. ಆಗಲಿಲ್ಲ. ದೀಪ ಹಚ್ಚುವ ಹೊತ್ತಾಗಿತ್ತು, ಹಚ್ಚಿದಳು.

ಶುಕ್ರವಾರ ಬಿಸಿಲು ಏರುವ ಮೊದಲೇ ಭಟ್ಟರು ಬಂದರು. ಎಪ್ಪತ್ತರ ಹತ್ತಿರದ ದಪ್ಪನೆಯ ಮನುಷ್ಯ. ಬಿಳಿ ವ್ಯಾನಿನಿಂದ ಇಳಿದವರು ಬೆಟ್ಟದ ಏರು ನೋಡಿ, "ಇಲ್ಲಿಗೆ ದೇವರೇ ಇಳಿದು ಬಂದಿದ್ರೆ ಅನುಕೂಲಾಗ್ತಿತ್ತು," ಎಂದರು. ಇಬ್ಬರು ಆಳುಗಳು ಇಟ್ಟಿಗೆ, ತುಪ್ಪದ ಡಬ್ಬಿ, ಸಮಿತ್ತು ಹೊತ್ತು ಮುಂದೆ ನಡೆದರು. ಅನಂತಮೂರ್ತಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ಮುಖವಾಡವನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡಿದ್ದ. ಗೌರಕ್ಕ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕಾಯಿ ಇಟ್ಟುಕೊಂಡು ಹಿಂದಿನಿಂದ ಹೊರಟಳು. ಯಾರೂ ತಾ ಎಂದಿರಲಿಲ್ಲ. ದಿನಕರ ಪ್ರತಿ ವರ್ಷ ಒಯ್ಯುತ್ತಿದ್ದನೆಂದು ಕೈ ತಾನಾಗಿ ಜೋಡಿಸಿತ್ತು.

ರಂಜಲ ಮರದ ಕೆಳಗೆ ಇಟ್ಟಿಗೆ ಇಟ್ಟು ಹೋಮಕುಂಡ ಕಟ್ಟುವಷ್ಟರಲ್ಲಿ ಆಚೆ ಕಡೆಯ ಇಳುಕಲಿನಿಂದ ಕೇರಿಯವರು ಏರಿ ಬಂದರು. ಗಂಡಸರು, ಹೆಂಗಸರು, ಹೊಸ ಅಂಗಿಯ ಮಕ್ಕಳು. ತಲೆಯ ಮೇಲೆ ತಪ್ಪಲೆ, ಅಕ್ಕಿ, ಮಸಾಲೆ ಅರೆಯಲು ಒಂದು ಕಲ್ಲು ಕೂಡ. ದೊಡ್ಡ ಪೂಜೆಯೆಂಬ ಸಂತೋಷದಲ್ಲಿ ಈ ಸಲ ಹೆಚ್ಚೇ ಬಂದಿದ್ದರು. ಹುಂಜಗಳೂ ಹೆಚ್ಚೇ ಇದ್ದವು. ಕಾಲಿಗೆ ಬಾಳೆಪಟ್ಟೆ ಕಟ್ಟಿ ತಲೆಕೆಳಗಾಗಿ ಹಿಡಿದಿದ್ದರು. ದೇವಿ ಮಾತ್ರ ತನ್ನದನ್ನು ಕಂಕುಳಲ್ಲಿ ಒತ್ತಿಕೊಂಡಿದ್ದಳು. ಇನ್ನೊಂದು ಕಂಕುಳಲ್ಲಿ ಪವನ.

ಎರಡು ಗುಂಪೂ ಕಲ್ಲಿನ ಎರಡು ಕಡೆ ನಿಂತವು. ಒಂದು ಹುಂಜ ಕೂಗಿತು. ಭಟ್ಟರು ದರ್ಭೆ ಜೋಡಿಸುತ್ತಿದ್ದವರು ತಲೆ ಎತ್ತಿ ನೋಡಿ, ಮತ್ತೆ ದರ್ಭೆ ಜೋಡಿಸಿದರು.

"ಇದೆಂತ ಒಡೆಯಾ ಇಟ್ಟಿಗೆ?" ಬಂಗಾರ್ಯ ಕೇಳಿದ.

"ಹೋಮ ಬಂಗಾರ್ಯ. ಶುದ್ಧಿ."

"ಯಾರು ಕೊಳೆ ಮಾಡಿದ್ರು?"

ಅನಂತಮೂರ್ತಿ ನಗಲು ನೋಡಿದ. "ಹಂಗಲ್ಲ ಮಾರಾಯ. ಚೌಡಿಗೆ ಇನ್ನು ಮೇಲೆ ದೊಡ್ಡ ಹೆಸರು, ದೊಡ್ಡ ಪೂಜೆ. ಹುಂಜ ಗಿಂಜ ಬೇಡ. ಹಣ್ಣುಕಾಯಿ ಮಾಡಿ."

ಕೇರಿಯವರಲ್ಲಿ ಗುಜುಗುಜು ಎದ್ದಿತು. ಹಿಂದಿದ್ದ ಒಬ್ಬ, "ವೋಟಿನ ಮುಂಚೆ ಇದು ಹೇಳ್ಲಿಲ್ವಲ್ಲ ನೀವು. ನಿಮ್ ಪದ್ಧತಿ ನಿಮ್ದು ಅಂತ ಎದೆ ಮುಟ್ಕಂಡಿದ್ರಿ," ಎಂದ. ಇನ್ನೊಬ್ಬ, "ಎಣಿಕೆ ಆಗೂ ತನಕನಾದ್ರೂ ತಡೀಬಹುದಿತ್ತು," ಎಂದ. ಅದಕ್ಕೆ ಕೆಲವರು ನಕ್ಕರು. ನಗು ಚೆನ್ನಾಗಿರಲಿಲ್ಲ.

ಹುಂಜ ಮತ್ತು ಮೊಮ್ಮಗನ ನಡುವೆ ದೇವಿಯ ಮುಖ ಬತ್ತಿತ್ತು. ಈ ದಿನ ತಪ್ಪಿದರೆ ಅವಳ ಪಾಲಿಗೆ ಇನ್ನೊಂದು ದಿನವಿಲ್ಲ. ಶುದ್ಧಿಯಾದ ಕಲ್ಲಿಗೆ ಹುಂಜ ಸಲ್ಲದು, ಕೊಟ್ಟ ಮಾತು ಸಲ್ಲದೆ ಉಳಿಯುತ್ತದೆ, ಮಳೆ ಹಿಡಿಯುತ್ತದೆ. ಆಮೇಲೆ ಈ ಕೂಸಿಗೆ ಒಂದು ನೆಗಡಿಯಾದರೂ ಅವಳು ಯಾವ ಧೈರ್ಯದಲ್ಲಿ ನಿದ್ದೆ ಮಾಡಬೇಕು? ಗೌರಕ್ಕನಿಗೆ ಇದೆಲ್ಲ ಲೆಕ್ಕದ ಹಾಗೆ ಸ್ಪಷ್ಟವಾಗಿ ಕಂಡಿತು. ಎದೆಯಲ್ಲಿ ಏನೂ ಅಲುಗಾಡಲಿಲ್ಲ. ಆದರೆ ಕಂಡಿತು.

ಬಂಗಾರ್ಯ ಅನಂತಮೂರ್ತಿಯನ್ನು ಬಿಟ್ಟು ಅವಳ ಕಡೆ ತಿರುಗಿದ. "ಅಮಾ, ನೆಲ ನಿಮ್ದು. ದಿನಕರ ಒಡೆಯರು ಇಲ್ಲ. ಮನೆ ಮಾತು ಈಗ ಯಾರ್ದು? ನೀವು ಬ್ಯಾಡ ಅಂದ್ರೆ ನಾವು ತಿರುಗಿ ಹೋಗ್ತೇವೆ. ಜಗಳ ಮಾಡೂದಿಲ್ಲ."

"ಮಾತು ನಾನು ಹೇಳಿ ಆತು," ಎಂದ ಅನಂತಮೂರ್ತಿ.

"ನಿಮ್ದು ಆಚೆ ಪಾಲು ಒಡೆಯಾ."

ಎಲ್ಲರೂ ಗೌರಕ್ಕನನ್ನು ನೋಡಿದರು. ಅವಳು ಭಟ್ಟರನ್ನು ನೋಡಿದಳು.

"ಭಟ್ರೇ, ಹೋಮ ಮಾಡದೇ ಇದ್ರೆ ದೋಷ ಇದ್ದಾ?"

ಭಟ್ಟರು ಶಲ್ಯದಿಂದ ಕುತ್ತಿಗೆ ಒರೆಸಿಕೊಂಡರು. "ಮಾಡು ಅಂದ್ರೆ ಮಾಡ್ತೆ. ಬ್ಯಾಡ ಅಂದ್ರೆ ಬಿಡ್ತೆ. ಶುರು ಮಾಡಿ ನಿಲ್ಸಿದ್ರೆ ದೋಷ, ಇನ್ನೂ ಬೆಂಕಿ ಹಾಕಿದ್ನಿಲ್ಲೆ." ಆಮೇಲೆ, ಯಾರಿಗೂ ಅಲ್ಲದ ಹಾಗೆ, "ನಂಗ್ಳ ಮನೆ ಹಿಂದೂ ಒಂದು ಇದ್ದು ಇಂಥದ್ದು. ಅಪ್ಪಯ್ಯ ಹೋಗಿ ಕೂರ್ತಿದ್ದ. ಈಗ ಆನು ಕೂರ್ತೆ," ಎಂದರು.

"ಬೆನ್ನು ಹಾಕಿ?" ಬಂಗಾರ್ಯ ಕೇಳಿದ.

"ಮತ್ತೆ? ಎದುರಿಗೆ ಕೂತ್ರೆ ಮನೇಲಿ ಊಟ ಹಾಕ್ತ್ವಿಲ್ಲೆ."

ಈ ಸಲದ ನಗು ಎರಡು ಕಡೆಯಿಂದಲೂ ಬಂತು. ಅನಂತಮೂರ್ತಿ ಮಾತ್ರ ನಗಲಿಲ್ಲ. ಮುಖವಾಡದ ಬಟ್ಟೆ ಜಾರಿ ಹಿತ್ತಾಳೆಯ ಒಂದು ಕಣ್ಣು ಹೊರಗೆ ಕಾಣುತ್ತಿತ್ತು.

"ಹೋಮ ಬ್ಯಾಡ ಅನಂತ," ಎಂದಳು ಗೌರಕ್ಕ.

"ಅತ್ಗೆ, ನೀನು ಹೂಂ ಅಂದಿದ್ದೆ. ಎರಡು ಸಲ."

"ಅಂದಿದ್ದಿ. ಈ ಆರು ತಿಂಗಳು ಯಾರು ಎಂತ ಕೇಳಿದ್ರೂ ಹೂಂ ಅಂದಿದ್ದಿ. ನೀನು ಮನೆ ಮಾರವು ಅಂದಿದ್ರೂ ಆನು ಹೂಂ ಅಂತಿದ್ದಿ. ಅದು ಮಾತಲ್ಲ."

"ಪಕ್ಷದವ್ಕೆಲ್ಲ ಹೇಳಿ ಬಂದಿದ್ದಿ ಆನು. ಯನ್ನ ಮರ್ಯಾದೆ ಎಂತಾಗವು?"

ಗೌರಕ್ಕ ಅದಕ್ಕೂ ಯೋಚಿಸಿದಳು. ಅವನ ಮರ್ಯಾದೆಯೂ ಇತ್ತು, ಅದು ಸುಳ್ಳಲ್ಲ. "ಭಟ್ರು ಒಂದು ಕಾಯಿ ಒಡೀಲಿ. ಪೂಜೆ ಆತು ಹೇಳು. ಸುಳ್ಳಾಗ್ತಿಲ್ಲೆ," ಎಂದಳು. ಅನಂತಮೂರ್ತಿ ಮುಖವಾಡವನ್ನು ಬಟ್ಟೆಯೊಳಗೆ ಸರಿಯಾಗಿ ಮುಚ್ಚಿದ.

ಭಟ್ಟರು ಎದ್ದು, ಕಲ್ಲಿಗೆ ನೀರು ಹೊಯ್ದು, ಹೂವಿಟ್ಟು, ಕಾಯಿ ಒಡೆದರು. ಎರಡು ಮಂತ್ರ ಹೇಳಿದರು. ಕೇರಿಯ ಮಕ್ಕಳು ಕೈ ಮುಗಿದವು. ಆಮೇಲೆ ಭಟ್ಟರು ಆಳುಗಳನ್ನು ಕರೆದುಕೊಂಡು ಕೆಳಗಿಳಿದರು. ಅನಂತಮೂರ್ತಿಯೂ ಅವರ ಹಿಂದೆ ಹೋದ.

ಗೌರಕ್ಕ ತಟ್ಟೆ ಹಿಡಿದು ಹಾಸುಬಂಡೆಯ ಕಡೆ ನಡೆದಳು. ಬಂಗಾರ್ಯ ತಲೆ ಕೆರೆದುಕೊಂಡ.

"ಅಮಾ, ಹೆಂಗಸ್ರು ಇಲ್ಲಿ ಕೂತದ್ದು ನಾನು ನೋಡ್ಲಿಲ್ಲ. ಅದ್ರಾಗೂ…" ಎಂದು ಅವಳ ಬರಿ ಹಣೆಯ ಕಡೆ ನೋಡಿ ಮಾತು ನುಂಗಿದ.

"ಚೌಡಿ ಎಂತ ಗಂಡ್ಸಾ?" ಎಂದಳು ದೇವಿ. "ಅವಳಿಗೆ ಎಲ್ಲಿದ್ದಾನೆ ಗಂಡ? ನೀ ಸುಮ್ನೆ ಕತ್ತಿ ತೊಳಿ."

ಬಂಗಾರ್ಯ ಕತ್ತಿ ತೊಳೆಯಲು ಹೋದ.

ಬಂಡೆ ಆಗಲೇ ಕಾದಿತ್ತು. ಗೌರಕ್ಕ ಕಲ್ಲಿಗೆ ಬೆನ್ನು ಹಾಕಿ ಕೂತಳು. ಎದುರಿಗೆ ಬೆಟ್ಟ ಇಳಿದು ತೋಟದ ತಲೆ, ಅದರಾಚೆ ಮನೆಯ ಹೆಂಚು, ಅಂಗಳದ ಒಂದು ಮೂಲೆ. ಅಂಗಳದಲ್ಲಿ ಯಾರೋ ಓಡಾಡಿದರು, ಅಭಿಜ್ಞಾ ಇರಬೇಕು. ಇಲ್ಲಿಂದ ಮನೆ ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದಿನಕರ ನೋಡಿದ್ದು ಇದು. ಈಗ ಏನಾದರೂ ಆಗುತ್ತದೆ, ಅಳು ಬರುತ್ತದೆ ಎಂದು ಕಾದಳು. ಬಿಸಿಲು ಇತ್ತು. ಬೆವರು ಬೆನ್ನಿನ ಗೆರೆಯಲ್ಲಿ ಇಳಿಯಿತು. ಬೇರೆ ಏನೂ ಆಗಲಿಲ್ಲ.

"ನಡೀಲಿ," ಎಂದಳು.

ಹಿಂದೆ ಕಾಲು ಸರಿದಾಡಿದವು. ದೇವಿ ಕಲ್ಲಿನ ಹತ್ತಿರ ಹೋದದ್ದು ಬಳೆಯ ಸದ್ದಿನಿಂದ ತಿಳಿಯಿತು. "ಇವ ಪವನ," ಎನ್ನುತ್ತಿದ್ದಳು, ಪಕ್ಕದ ಮನೆಯವಳಿಗೆ ಪರಿಚಯ ಮಾಡಿಸುವ ದನಿಯಲ್ಲಿ. "ನೀ ಉಳಿಸಿದ್ದೆ. ಹೇಳಿದ್ದು ತಂದೀನಿ. ಇನ್ನು ನಂಗೂ ನಿಂಗೂ ಬಾಕಿ ಇಲ್ಲ. ಕಾಯ್ಕ." ಆಮೇಲೆ ರೆಕ್ಕೆಯ ಸದ್ದು, ಒಂದು ಚಿಕ್ಕ ಬಡಿತ. ಗೌರಕ್ಕ ಏನಾದರೂ ಮಾತಾಡಬೇಕೆಂದುಕೊಂಡಳು. ಲೋಕದ ಸುದ್ದಿ ಅವಳ ಹತ್ತಿರ ಇರಲಿಲ್ಲ.

"ಈ ವರ್ಷ ಹಲಸು ಬೇಗ ಬಂಜು… ಬೇಗ ಬಂದದೆ ಅಲ್ಲಾ ಬಂಗಾರ್ಯ," ಎಂದಳು ಗಟ್ಟಿಯಾಗಿ.

ಹಿಂದಿನಿಂದ ಬಂಗಾರ್ಯನ ದನಿ ಬಂತು. "ಬೇಗ ಬಂದದೆ ಅಮಾ. ಮಳೆನೂ ಬೇಗ ಹಿಡೀತದೆ ಕಾಣ್ತದೆ."

"ನಿಮ್ಮಲ್ಲಿ ಬಾವಿ ನೀರು ಹೆಂಗದೆ?"

"ತಳ ಕಂಡದೆ. ಮಕ್ಳು ಇಳ್ದು ಆಡ್ತವೆ."

ಒಂದೊಂದೇ ಹುಂಜ ಮುಗಿಯುತ್ತ ಬಂತು. ಎಮ್ಮೆಯ ಸುದ್ದಿಯಾಯಿತು, ಎಣಿಕೆಯ ಸುದ್ದಿಯಾಯಿತು.

"ಆತು ಅಮಾ," ಎಂದ ಬಂಗಾರ್ಯ.

ಗೌರಕ್ಕ ಏಳಲಿಲ್ಲ. ದೇವಿ ಬಂದು ಒಂದು ಹೋಳು ಕಾಯಿಯನ್ನು ತಟ್ಟೆಯಲ್ಲಿಟ್ಟು, "ಏಳಿ ಅಮಾ, ಬಿಸಿಲು," ಎಂದಳು.

"ಸ್ವಲ್ಪ ಕೂರ್ತೆ."

"ಕೂರಿ ಹಂಗಾರೆ. ನಾವು ಒಲೆ ಹೂಡ್ತೇವೆ." ಹೋಗಲು ಹೊರಟವಳು ನಿಂತಳು. "ಮುಂದಿನ ವರ್ಷ ಯಾರು ಕೂರೂದು? ಈಗಲೇ ತಿಳ್ಕಂಡ್ರೆ ಬಂಗಾರ್ಯನ ತಲೆಬಿಸಿ ತಪ್ತದೆ."

ಗೌರಕ್ಕ ಕೆಳಗಿನ ಅಂಗಳವನ್ನು ನೋಡುತ್ತಿದ್ದಳು. ಮುಂದಿನ ವರ್ಷ ಎನ್ನುವುದೊಂದು ಇದೆ ಎಂದು ಈ ಆರು ತಿಂಗಳಲ್ಲಿ ಅವಳಿಗೆ ಹೊಳೆದಿರಲಿಲ್ಲ. ಈಗಲೂ ಅದು ಬೇಕೆಂದು ಅನಿಸಲಿಲ್ಲ, ಬೇಡವೆಂದೂ ಅನಿಸಲಿಲ್ಲ. ಆದರೆ ಕೇಳಿದವಳು ಉತ್ತರಕ್ಕೆ ಕಾದು ನಿಂತಿದ್ದಳು, ಹೋಗಲಿಲ್ಲ.

"ನಾನೇ ಕೂರ್ತೆ," ಎಂದಳು ಗೌರಕ್ಕ.

"ಬಂಗಾರ್ಯ, ಅಮ್ಮನೇ ಅಂತೆ," ಎಂದು ದೇವಿ ಕೂಗಿ ಹೇಳಿ, ಪವನನನ್ನು ಬಂಡೆಯ ನೆರಳಿರುವ ಕಡೆ ಕೂರಿಸಿ, ಕಟ್ಟಿಗೆ ತರಲು ಹೋದಳು.